ಹಳೆಯ ಕಂಪ್ಯೂಟರನ್ನು ಕೊಟ್ಟುಬಿಡುವ ಮುನ್ನ ಆ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ

ಹೊಸ ಲ್ಯಾಪ್‌ಟಾಪ್ ಕೊಂಡು, ಹಳೆಯ ಕಂಪ್ಯೂಟರಿನ ಬ್ಯಾಕಪ್‌ನಲ್ಲಿರುವುದನ್ನೆಲ್ಲ ಅದಕ್ಕೆ ತುಂಬಿಸಿಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ವರ್ಷ ನಮ್ಮ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು ಎಂದು ಬರೆಯುತ್ತಿದ್ದೇನೆ. ನಾವು ಕಳೆದುಕೊಂಡದ್ದು ದುಡ್ಡು ಕೊಟ್ಟು ಮತ್ತೆ ತರುವಂಥದ್ದಲ್ಲ.

ನನ್ನ ಅಮ್ಮ ನಿವೃತ್ತ ಕನ್ನಡ ಅಧ್ಯಾಪಕಿ. 2011ರಿಂದ 2015ರವರೆಗೆ, ಶಾಲೆಗೆ ರಜೆ ಬಂದಾಗಲೆಲ್ಲ ತಿಪಟೂರಿನ ಸುತ್ತಲ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ, ಸೋಬಾನೆ ಪದ, ಬೀಸುವ ಪದ, ಜೋಗುಳ ಬಲ್ಲ ಹಿರಿಯ ಹೆಂಗಸರನ್ನು ಹುಡುಕಿ, ಅವರ ಜಗಲಿಯಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡು ಬರುತ್ತಿದ್ದರು. ಮನೆಗೆ ಬಂದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತಿದ್ದರು. ಯಾವ ವಿಶ್ವವಿದ್ಯಾಲಯವೂ ಒಪ್ಪಿಸಿದ ಕೆಲಸವಲ್ಲ. ಅರವತ್ತೆರಡು ಧ್ವನಿಮುದ್ರಿಕೆಗಳು, ಇನ್ನೂರಕ್ಕೂ ಹೆಚ್ಚು ಪುಟಗಳ ಬರಹ. ಹಾಡಿದವರಲ್ಲಿ ಇಂದು ಬದುಕಿರುವವರು ಮೂವರು.

ಇದೆಲ್ಲ ಇದ್ದದ್ದು 2010ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ. ವಿಂಡೋಸ್ 7 ಇತ್ತು. ಅದಕ್ಕೆ ಭದ್ರತೆಯ ಅಪ್‌ಡೇಟ್‌ಗಳು 2020ರ ಜನವರಿ 14ಕ್ಕೆ ನಿಂತಿದ್ದರೂ, ಆ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕವೇ ಇರಲಿಲ್ಲವಾದ್ದರಿಂದ ನಾವು ತಲೆಕೆಡಿಸಿಕೊಂಡಿರಲಿಲ್ಲ. ನನ್ನ ತಮ್ಮ ವಿಂಡೋಸ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯವನ್ನು ಹೊಂದಿಸಿ, ಪ್ರತಿ ಭಾನುವಾರ ರಾತ್ರಿ ಎಲ್ಲವೂ ಒಂದು ಟೆರಾಬೈಟ್‌ನ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗುವಂತೆ ಮಾಡಿದ್ದ. ಆ ಕಪ್ಪು ಡಬ್ಬಿ ಬೀರುವಿನಲ್ಲಿ ಒಡವೆಯ ಪೆಟ್ಟಿಗೆಯ ಪಕ್ಕದಲ್ಲಿರುತ್ತಿತ್ತು. ಬ್ಯಾಕಪ್ ಇದೆ ಎಂಬ ನೆಮ್ಮದಿಯಲ್ಲಿ ವರ್ಷಗಳು ಕಳೆದವು. ಅದರಿಂದ ಒಂದೇ ಒಂದು ಫೈಲನ್ನಾದರೂ ಹೊರತೆಗೆದು ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಕಂಪ್ಯೂಟರ್ ನಡುನಡುವೆ ತಾನಾಗಿಯೇ ಆರಿಹೋಗಲು ತೊಡಗಿದಾಗ ಹೊಸ ಲ್ಯಾಪ್‌ಟಾಪ್ ಕೊಂಡೆವು. ಅಂಗಡಿಯ ಹೆಸರು ಬೇಡ. ಹಳೆಯದನ್ನು ವಿನಿಮಯಕ್ಕೆ ಕೊಟ್ಟರೆ 1,500 ರೂಪಾಯಿ ಕಡಿಮೆ ಮಾಡುತ್ತೇವೆ, ಫೈಲುಗಳನ್ನೆಲ್ಲ ಉಚಿತವಾಗಿ ಹಾಕಿಕೊಡುತ್ತೇವೆ ಎಂದರು. ನಾನು ಅದೇ ದಿನ ಸಿಪಿಯುವನ್ನೂ ಹಾರ್ಡ್ ಡಿಸ್ಕನ್ನೂ ಒಟ್ಟಿಗೆ ಒಂದೇ ಆಟೋದಲ್ಲಿ ಒಯ್ದು ಅವರ ಕೈಗೆ ಕೊಟ್ಟೆ. ಮೂಲ ಮತ್ತು ಪ್ರತಿ, ಎರಡನ್ನೂ ಒಂದೇ ಕೈಗೆ. ಇಡೀ ಅನಾಹುತ ಆದದ್ದು ಆ ಗಳಿಗೆಯಲ್ಲಿ. ಮುಂದಿನದೆಲ್ಲ ಅದರ ಫಲ.

ಮರುದಿನ ಸಂಜೆ ಅಲ್ಲಿನ ಹುಡುಗ ಲ್ಯಾಪ್‌ಟಾಪ್ ತೆರೆದು, "ಅಕ್ಕಾ, ಎಲ್ಲ ಬಂದಿದೆ, ನೋಡಿ" ಎಂದ. ಫೋಲ್ಡರುಗಳ ಹೆಸರು ಕಂಡವು. ತಮ್ಮನ ಮದುವೆಯ ಫೋಟೋಗಳು ಕಂಡವು. ಹಳ್ಳಿಗಳ ಹೆಸರಿನಲ್ಲಿ ಅಮ್ಮ ಇಟ್ಟಿದ್ದ ಫೈಲುಗಳು ಸಾಲಾಗಿ ಕಂಡವು. ನಾನು ತಲೆಯಾಡಿಸಿದೆ. "ನಿಮ್ಮ ಹಾರ್ಡ್ ಡಿಸ್ಕ್ ತುಂಬಿಹೋಗಿತ್ತು. ಅದನ್ನು ಫಾರ್ಮ್ಯಾಟ್ ಮಾಡಿ, ಹೊಸ ಲ್ಯಾಪ್‌ಟಾಪಿನ ಬ್ಯಾಕಪ್ಪನ್ನೇ ಅದರಲ್ಲಿ ಹಾಕಿದ್ದೇನೆ" ಎಂದೂ ಹೇಳಿದ. ಒಳ್ಳೆಯದಾಯಿತು ಎಂದು ಹೇಳಿ ಬಂದೆ.

ಮೂರನೆಯ ದಿನ ಅಮ್ಮ ಮೊದಲ ಫೈಲನ್ನು ತೆರೆದರು. ಒಂದು ಕನ್ನಡ ಅಕ್ಷರವೂ ಇಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ. ಅಂಗಡಿಗೆ ಫೋನ್ ಮಾಡಿದರೆ, "ಆ ಫೈಲುಗಳು ಕೆಟ್ಟಿವೆ, ಅಳಿಸಿಬಿಡಿ" ಎಂಬ ಉತ್ತರ ಬಂತು. ಈ ಒಂದು ಮಾತನ್ನು ಯಾರೂ ನಂಬಬೇಡಿ. ಹಳೆಯ ನುಡಿ, ಬರಹದಂಥ ತಂತ್ರಾಂಶಗಳ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕೂರಿಸಲಾಗಿತ್ತು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅದೇ ಸಂಕೇತಗಳು ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಫೈಲು ಸರಿಯಾಗಿಯೇ ಇರುತ್ತದೆ. ಹಳೆಯ ಯಂತ್ರದಲ್ಲಿದ್ದ ಫಾಂಟುಗಳನ್ನು ಯಾರೂ ತಂದಿರುವುದಿಲ್ಲ, ಅಷ್ಟೇ. ತಮ್ಮ ರಾತ್ರಿ ಬಂದು ನುಡಿಯನ್ನು ಅನುಸ್ಥಾಪಿಸಿದ. ಪುಟ ಕಣ್ಣೆದುರೇ ಕನ್ನಡವಾಯಿತು. ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲ ಸರಿಹೋಯಿತು ಎಂದುಕೊಂಡು ಆ ರಾತ್ರಿ ಮಲಗಿದೆವು.

ಬೆಳಿಗ್ಗೆ ಅಮ್ಮ ನನ್ನನ್ನು ಕರೆದರು. "ಪುಟ್ಟೀ, ಇದು ನಾನು ತಿದ್ದಿದ ಪ್ರತಿ ಅಲ್ಲ."

ಒಂದು ಬೀಸುವ ಪದದ ಸಾಲಿನ ಮೇಲೆ ಬೆರಳಿಟ್ಟಿದ್ದರು. ಅಲ್ಲಿ 'ಮರದಲ್ಲಿ' ಎಂದಿತ್ತು. ಮೊದಲ ಸಲ ಕೇಳಿದಾಗ ಅವರಿಗೆ ಹಾಗೆಯೇ ಕೇಳಿಸಿತ್ತಂತೆ. ಅರ್ಥ ಹೊಂದದೆ ಅನುಮಾನ ಬಂದು, 2014ರ ಬೇಸಿಗೆಯಲ್ಲಿ ಮತ್ತೆ ಆ ಊರಿಗೆ ಹೋಗಿ ಹಾಡಿದ ಅಜ್ಜಿಯ ಎದುರು ಸಾಲನ್ನು ಓದಿದಾಗ, ಅಜ್ಜಿ ಗೋಡೆಗೆ ಒರಗಿಸಿದ್ದ ಮೊರವನ್ನು ತೋರಿಸಿದ್ದರು. 'ಮೊರದಲ್ಲಿ'. ಒಂದು ಒಕಾರಕ್ಕಾಗಿ ನಲವತ್ತು ಕಿಲೋಮೀಟರ್ ಬಸ್ ಪ್ರಯಾಣ. ಆ ತಿದ್ದುಪಡಿ ಈಗ ಫೈಲಿನಲ್ಲಿ ಇಲ್ಲ. ಅದೊಂದೇ ಅಲ್ಲ, 2013ರ ನಂತರ ಅಮ್ಮ ಮಾಡಿದ್ದ ನೂರಾರು ತಿದ್ದುಪಡಿಗಳು, ಅಡಿಟಿಪ್ಪಣಿಗಳು, ಹಾಡಿದವರ ವಯಸ್ಸು ಮತ್ತು ಊರಿನ ವಿವರಗಳು ಯಾವುವೂ ಇರಲಿಲ್ಲ.

ಹೇಗಾಯಿತು ಎಂಬುದು ತಿಳಿಯಲು ನಮಗೆ ಎರಡು ವಾರ ಹಿಡಿಯಿತು. ವಿಂಡೋಸ್ 7ರ ಆ ಬ್ಯಾಕಪ್, ಫೈಲುಗಳನ್ನು ಇದ್ದ ಹಾಗೆಯೇ ನಕಲು ಮಾಡಿ ಇಡುವುದಿಲ್ಲ. ಅವನ್ನು ಸುಮಾರು 200 ಎಂಬಿಯ ಜಿಪ್ ಕಟ್ಟುಗಳಾಗಿ ಮಾಡಿಡುತ್ತದೆ. ಮೊದಲ ಸಲ ಎಲ್ಲವನ್ನೂ ತೆಗೆದುಕೊಂಡು, ಆಮೇಲಿನ ಸಲಗಳಲ್ಲಿ ಬದಲಾದ ಮತ್ತು ಹೊಸದಾಗಿ ಬಂದ ಫೈಲುಗಳನ್ನು ಮಾತ್ರ ಬೇರೆ ದಿನಾಂಕದ ಫೋಲ್ಡರಿನಲ್ಲಿ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಹೆಸರಿನ ಫೈಲಿನ ಹಲವು ಕಾಲದ ರೂಪಗಳು ಅದರಲ್ಲಿರುತ್ತವೆ. ಇದನ್ನು ಹೊರತೆಗೆಯಲು ಅದೇ ವಿಂಡೋಸ್‌ನ ರಿಸ್ಟೋರ್ ಸೌಲಭ್ಯ ಬಳಸಬೇಕು. ಅಂಗಡಿಯ ಹುಡುಗ ಒಂದೊಂದೇ ಜಿಪ್ಪನ್ನು ಕೈಯಾರೆ ಬಿಚ್ಚಿ ಒಂದೇ ಫೋಲ್ಡರಿಗೆ ಸುರಿದಿದ್ದ. ಹೊಸ ದಿನಾಂಕದವು ಮೊದಲು, ಹಳೆಯವು ಆಮೇಲೆ. ಅದೇ ಹೆಸರಿನ ಫೈಲು ಈಗಾಗಲೇ ಇದೆ, ಬದಲಾಯಿಸಲೇ ಎಂದು ಯಂತ್ರ ಕೇಳಿದಾಗ ಎಲ್ಲಕ್ಕೂ ಹೌದು ಎಂದು ಒತ್ತಿದ್ದ. ಹಳೆಯದು ಹೊಸದರ ಮೇಲೆ ಬಿತ್ತು.

ಧ್ವನಿಮುದ್ರಿಕೆಗಳ ಗತಿ ಇದಕ್ಕಿಂತ ಕೆಟ್ಟದಾಯಿತು. ಅಮ್ಮನ ರೆಕಾರ್ಡರ್ ವೇವ್ ಫೈಲುಗಳನ್ನು ಮಾಡುತ್ತಿತ್ತು, ಸಿ.ಡಿ. ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಮುಕ್ಕಾಲು ಗಂಟೆಯ ಹಾಡುಗಾರಿಕೆ 450 ಎಂಬಿಯಾಗುತ್ತದೆ. ಅಷ್ಟು ದೊಡ್ಡ ಫೈಲನ್ನು ಈ ಬ್ಯಾಕಪ್ ತುಂಡು ಮಾಡಿ ಒಂದಕ್ಕಿಂತ ಹೆಚ್ಚು ಜಿಪ್‌ಗಳಲ್ಲಿ ಹಂಚಿಡುತ್ತದೆ. ಕೈಯಾರೆ ಬಿಚ್ಚಿದಾಗ ನಮ್ಮ ಉದ್ದನೆಯ ಮುದ್ರಿಕೆಗಳಲ್ಲಿ ಒಂದು ತುಂಡಿನ ಮೇಲೆ ಇನ್ನೊಂದು ತುಂಡು ಕುಳಿತು, ಕೊನೆಯದು ಮಾತ್ರ ಉಳಿಯಿತು. ಫೈಲಿನ ಆರಂಭದಲ್ಲಿರುವ, ಇದು ಎಂಥ ಧ್ವನಿ ಎಂದು ಯಂತ್ರಕ್ಕೆ ತಿಳಿಸುವ ಭಾಗವೇ ಆ ತುಂಡಿನಲ್ಲಿರುವುದಿಲ್ಲ. ಹೆಸರು ಇದೆ, ಗಾತ್ರ ಇದೆ, ಒತ್ತಿದರೆ ಮೌನ. ಅರವತ್ತೆರಡರಲ್ಲಿ ಇಪ್ಪತ್ತಮೂರು ಹೀಗಾಗಿದ್ದವು.

ಅಂಗಡಿಗೆ ಓಡಿದೆ. ಹಳೆಯ ಸಿಪಿಯುವಿನ ಭಾಗಗಳನ್ನು ಬಿಚ್ಚಿ ಮಾರಿಯಾಗಿತ್ತು. ಆ ಹುಡುಗನಿಗೆ ಕೆಟ್ಟ ಉದ್ದೇಶವಿರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಗಿರಾಕಿಯ ಹಾರ್ಡ್ ಡಿಸ್ಕನ್ನು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡುವುದು ತಪ್ಪು, ದೊಡ್ಡ ತಪ್ಪು. ಜಾಗ ತುಂಬಿದ್ದರೆ ಹೊಸ ಡಿಸ್ಕ್ ಮಾರಬಹುದಿತ್ತು. ನಾನು ಸಂತೋಷವಾಗಿ ಕೊಳ್ಳುತ್ತಿದ್ದೆ.

ಕೊನೆಗೆ ಆ ಕಪ್ಪು ಡಬ್ಬಿಯನ್ನು ಬೆಂಗಳೂರಿಗೆ, ಅಳಿದ ಮಾಹಿತಿಯನ್ನು ಮರಳಿ ತೆಗೆಯುವವರೊಬ್ಬರ ಬಳಿಗೆ ಒಯ್ದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಫಾರ್ಮ್ಯಾಟ್ ಆದ ಮೇಲೆ ಇದಕ್ಕೆ ಏನಾದರೂ ಹಾಕಿದ್ದೀರಾ?" ಸಾಮಾನ್ಯವಾಗಿ ಮಾಡುವ ತ್ವರಿತ ಫಾರ್ಮ್ಯಾಟ್ ಪುಸ್ತಕದ ಪರಿವಿಡಿಯನ್ನು ಹರಿದು ಹಾಕಿದಂತೆ, ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಹೊಸದೇನನ್ನಾದರೂ ತುಂಬಿದಾಗ ಮಾತ್ರ ಆ ಪುಟಗಳ ಮೇಲೆ ಬರಹ ಬೀಳುತ್ತದೆ. ನಮ್ಮದರ ಮೇಲೆ ಹೊಸ ಲ್ಯಾಪ್‌ಟಾಪಿನ ಬ್ಯಾಕಪ್ ಬಿದ್ದಿತ್ತು. ಅದರ ಮೇಲೆ ನಾವೂ, ತಿಳಿಯದೆ, ಹನ್ನೊಂದು ದಿನ ಅದನ್ನು ಬಳಸಿದ್ದೆವು. ಹಾಗಾಗಿ ನಿಮಗೆ ಏನೋ ತಪ್ಪಿದೆ ಎಂಬ ಅನುಮಾನ ಬಂದ ಕ್ಷಣವೇ ಡಿಸ್ಕನ್ನು ಕಿತ್ತು ಬದಿಗಿಡಿ. ಅದರೊಳಗೆ ಏನನ್ನೂ ಹಾಕಬೇಡಿ, ಮರಳಿ ತೆಗೆಯುವ ತಂತ್ರಾಂಶವನ್ನು ಅದರಲ್ಲೇ ಅನುಸ್ಥಾಪಿಸಬೇಡಿ. ನಿಮ್ಮದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಆಗಿರದೆ ಎಸ್‌ಎಸ್‌ಡಿ ಆಗಿದ್ದರೆ ಭರವಸೆ ಇನ್ನೂ ಕಡಿಮೆ: ಅಳಿಸಿದ ಜಾಗವನ್ನು ಟ್ರಿಮ್ ಎಂಬ ಆದೇಶದ ಮೂಲಕ ಅದು ಬಹುಬೇಗ ನಿಜವಾಗಿಯೂ ಬರಿದು ಮಾಡಿಬಿಡುತ್ತದೆ.

14,000 ರೂಪಾಯಿ ಖರ್ಚಾಯಿತು. ಇಪ್ಪತ್ತಮೂರರಲ್ಲಿ ಒಂಬತ್ತು ಧ್ವನಿಮುದ್ರಿಕೆಗಳು ಪೂರ್ತಿ ಬಂದವು, ಐದು ಅರ್ಧಂಬರ್ಧ. ಹೆಸರುಗಳು ಬರಲಿಲ್ಲ, ಎಲ್ಲಕ್ಕೂ ಬರೀ ಅಂಕಿಗಳು. ಅಮ್ಮ ಒಂದು ವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದನ್ನೇ ಕೇಳಿದರು. ಹಾಡು ಶುರುವಾಗುವ ಮುಂಚಿನ ಕೆಮ್ಮು, ಹಿಂದೆ ಕೂಗುವ ಕೋಳಿ, ಕಾಫಿ ಕುಡಿಯಿರಿ ಎನ್ನುವ ಸೊಸೆಯ ದನಿ, ಇಷ್ಟರಿಂದಲೇ ಯಾರ ಮನೆ ಎಂದು ಗುರುತಿಸಿ ಹೆಸರು ಬರೆದರು. ಮೊರವನ್ನು ತೋರಿಸಿದ ಅಜ್ಜಿಯ ಬೀಸುವ ಪದಗಳು ಅವುಗಳಲ್ಲಿ ಇರಲಿಲ್ಲ. ಅಜ್ಜಿ ತೀರಿಕೊಂಡದ್ದು 2016ರಲ್ಲಿ.

ಈಗ ನಿಮ್ಮ ವಿಷಯ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಹಳೆಯ ಕಂಪ್ಯೂಟರನ್ನು ಮನೆಯಲ್ಲೇ ಇಟ್ಟುಕೊಳ್ಳಿ. ವಿನಿಮಯದ ರಿಯಾಯಿತಿ ಹೋದರೆ ಹೋಗಲಿ. ಹಳೆಯ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಬ್ಯಾಕಪ್‌ನ ಗೊಡವೆಗೇ ಹೋಗದೆ, ಅದರಿಂದಲೇ ಫೈಲುಗಳನ್ನು ನೇರವಾಗಿ ಬೇರೊಂದು ಡಿಸ್ಕಿಗೆ ನಕಲು ಮಾಡಿ. ಕತ್ತರಿಸಿ ಅಂಟಿಸುವುದು ಬೇಡವೇ ಬೇಡ. ಬ್ಯಾಕಪ್ ಒಂದೇ ಉಳಿದಿದ್ದರೆ, ಅದು ಯಾವ ತಂತ್ರಾಂಶದಿಂದ ಆದದ್ದೋ ಅದರಿಂದಲೇ ತೆಗೆಯಿರಿ. ವಿಂಡೋಸ್ 7ರ ಬ್ಯಾಕಪ್ಪನ್ನು ಓದಬಲ್ಲ ಸೌಲಭ್ಯ ವಿಂಡೋಸ್ 10 ಮತ್ತು 11ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಆಂಡ್ ರಿಸ್ಟೋರ್' ಎಂಬ ಹೆಸರಿನಲ್ಲಿ, ಪಕ್ಕದಲ್ಲೇ ವಿಂಡೋಸ್ 7 ಎಂಬ ಗುರುತಿನೊಂದಿಗೆ ಇದೆ. ತುಂಡುಗಳನ್ನು ಜೋಡಿಸುವುದು, ಕೊನೆಯ ರೂಪವನ್ನು ಆರಿಸುವುದು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ನಮಗೆ ಬೇಕಾಗಿದ್ದದ್ದು ಅದೊಂದೇ, ಐದು ನಿಮಿಷದ ಕೆಲಸ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ.

ತೆಗೆದ ಮೇಲೆ ಫೋಲ್ಡರಿನ ಹೆಸರು ನೋಡಿ ತೃಪ್ತಿಪಡಬೇಡಿ. ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿ. ಅತಿ ದೊಡ್ಡ ಫೈಲುಗಳನ್ನು ಹುಡುಕಿ ಕೊನೆಯವರೆಗೂ ಓಡಿಸಿ ನೋಡಿ, ಏಕೆಂದರೆ ಮೊದಲು ಮುರಿಯುವುದು ಅವೇ. ನೀವು ಕೊನೆಯ ಬಾರಿ ತಿದ್ದಿದ್ದು ಚೆನ್ನಾಗಿ ನೆನಪಿರುವ ಬರಹವನ್ನು ತೆರೆದು, ಆ ತಿದ್ದುಪಡಿ ಇದೆಯೇ ನೋಡಿ. ಹಳೆಯ ಕನ್ನಡ ಫೈಲುಗಳಿದ್ದರೆ ಫಾಂಟುಗಳನ್ನೂ ಜೊತೆಗೆ ಉಳಿಸಿಕೊಂಡು, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಪರಿವರ್ತಿಸಿದ್ದನ್ನು ಒಮ್ಮೆ ಓದಲೇಬೇಕು. ನಮ್ಮದರಲ್ಲಿ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು. ಮೂಲ ಫೈಲನ್ನು ಅಳಿಸಬೇಡಿ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಹಲವು ಡಿಸ್ಕಿಗೆ ತಾವಾಗಿಯೇ ಬೀಗ ಹಾಕಿಕೊಂಡಿರುತ್ತವೆ. ಅದನ್ನು ಬಿಡಿಸುವ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಮಾಹಿತಿ ತೆಗೆಯುವವರೂ ಕೈಚೆಲ್ಲುತ್ತಾರೆ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ ಎಂಬ ನಿಯಮವನ್ನು ಬಲ್ಲವರು ಹೇಳುತ್ತಾರೆ. ಬೇರೆ ಮನೆ ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಈ ಯುಗಾದಿಯ ನಂತರ. ಅಜ್ಜಿಯ ಊರಿಗೆ ಅಮ್ಮ ಸುಮ್ಮನೆ ಮಾತನಾಡಿಸಲು ಹೋಗಿದ್ದರು. ಅಜ್ಜಿಯ ಮೊಮ್ಮಗ ದೇವರ ಗೂಡಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಸಿ.ಡಿ.ಯನ್ನು ತೆಗೆದುಕೊಟ್ಟ. 2013ರಲ್ಲಿ ಅಮ್ಮನೇ ಅವರಿಗೆ ಕೊಟ್ಟು ಬಂದದ್ದು, ಅದರ ಮೇಲೆ ಅಮ್ಮನದೇ ಅಕ್ಷರ. ನಲವತ್ತೊಂದು ನಿಮಿಷದ ಸೋಬಾನೆ, ಗೀರುಗಳಿದ್ದರೂ ಪೂರ್ತಿ ಓಡಿತು. ಬೀಸುವ ಪದಗಳು ಅದರಲ್ಲಿಲ್ಲ. ಅದರ ಮೂರು ಪ್ರತಿ ಮಾಡಿದ್ದೇವೆ. ಒಂದು ತಮ್ಮನ ಮನೆಯಲ್ಲಿದೆ, ಸಿ.ಡಿ.ಯನ್ನು ಮೊಮ್ಮಗನಿಗೆ ಹಿಂದಿರುಗಿಸಿದ್ದೇವೆ, ಅಮ್ಮ 'ಮರದಲ್ಲಿ' ಎಂಬುದನ್ನು ಮತ್ತೆ 'ಮೊರದಲ್ಲಿ' ಎಂದು ತಿದ್ದಿ ಈಗ ಎಂಬತ್ತೇಳನೆಯ ಪುಟದಲ್ಲಿದ್ದಾರೆ.