ಡಿಸ್ಕ್ ಸ್ಯಾಂಡರ್: ತುದಿ ನಯ ಮಾಡಲು ಸೈ, ಟೇಬಲ್ ಮಾತ್ರ ಕೈಕೊಡುತ್ತದೆ

ಹಲಸಿನ ಹಲಗೆಯನ್ನು ಅಡ್ಡ ಕೊಯ್ದರೆ ತುದಿಯಲ್ಲಿ ಎಳೆಗಳೆಲ್ಲ ಒರಟಾಗಿ ಎದ್ದು ನಿಲ್ಲುತ್ತವೆ. ಮರ ಹೆರೆಯುವ ಹತ್ತರಿ ಹಾಕಿದರೆ ಕೊನೆಯ ಮೂಲೆ ಸೀಳುವ ಭಯ. ಪಾಲಿಶ್ ಪೇಪರ್ ಹಿಡಿದು ಉಜ್ಜಿದರೆ ತೋಳು ಸೋಲುತ್ತದೆ, ಅಂಚೂ ಗುಂಡಗಾಗುತ್ತದೆ. ಈ ಒಂದು ಕೆಲಸಕ್ಕಾಗಿಯೇ ನಾನು 10 ಇಂಚಿನ ಡಿಸ್ಕ್ ಸ್ಯಾಂಡರ್, ಅಂದರೆ ಪಾಲಿಶ್ ಪೇಪರ್ ಅಂಟಿಸಿದ ದುಂಡು ತಟ್ಟೆಯನ್ನು ಮೋಟಾರ್ ತಿರುಗಿಸುವ ಯಂತ್ರ, ಕೊಂಡದ್ದು. ಮಣೆ, ಟ್ರೇ, ಚಿಕ್ಕ ಸ್ಟೂಲು ಮಾಡುತ್ತೇನೆ. ಕೆಲವು ವರ್ಷಗಳಿಂದ ಇದನ್ನು ಬಳಸದೆ ಒಂದು ತುಂಡೂ ನನ್ನ ಶೆಡ್ಡಿನಿಂದ ಹೊರಗೆ ಹೋಗಿಲ್ಲ.

ಸ್ವಿಚ್ ಹಾಕುವ ಮೊದಲು ತುದಿಯ ಮೇಲೆಲ್ಲ ಪೆನ್ಸಿಲಿನಲ್ಲಿ ಗೀಚುತ್ತೇನೆ. ಮೋಟಾರ್ ಪೂರ್ತಿ ವೇಗಕ್ಕೆ ಬರಲಿ ಅಂತ ಕಾಯುತ್ತೇನೆ. ಆಮೇಲೆ ಹಲಗೆಯನ್ನು ಡಿಸ್ಕಿನ ಮುಂದಿರುವ ಪುಟ್ಟ ಟೇಬಲ್ ಮೇಲೆ ಒತ್ತಿ ಹಿಡಿದು, ಡಿಸ್ಕಿಗೆ ಮೆಲ್ಲಗೆ ತಾಗಿಸಿ, ತೆಗೆದು ನೋಡುತ್ತೇನೆ. ಗೀಚು ಅಳಿಸಿದ ಕಡೆ ಉಬ್ಬು, ಉಳಿದ ಕಡೆ ತಗ್ಗು. ಮತ್ತೆ ತಾಗಿಸುತ್ತೇನೆ. ಕೊನೆಯ ಗೀಚೂ ಹೋದಾಗ ಹಳದಿ ಮರದ ಉಂಗುರಗಳು ಒಂದೊಂದಾಗಿ ಕಾಣುತ್ತವೆ. ಆ ಕ್ಷಣ ನನಗೆ ತುಂಬಾ ಇಷ್ಟ.

ಡಿಸ್ಕ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಎಡ ಅರ್ಧದಲ್ಲಿ ಮಾತ್ರ ಕೆಲಸ. ಅಲ್ಲಿ ಅದು ಕೆಳಗಿಳಿಯುತ್ತಾ ಹಲಗೆಯನ್ನು ಟೇಬಲ್‌ಗೆ ಒತ್ತುತ್ತದೆ. ಬಲಗಡೆ ಇಟ್ಟರೆ ಹಲಗೆಯನ್ನು ಎತ್ತಿ ಎಸೆಯುತ್ತದೆ. ನಿಮಿಷಕ್ಕೆ 1440 ಸುತ್ತು ಅಂದರೆ ಹೊರ ಅಂಚಿನಲ್ಲಿ ಪೇಪರ್ ಸೆಕೆಂಡಿಗೆ ಸುಮಾರು 19 ಮೀಟರ್ ಓಡುತ್ತದೆ. ನಟ್ಟನಡುವೆ ಓಟವೇ ಇಲ್ಲ. ಅದಕ್ಕೇ ಹಲಗೆಯನ್ನು ಒಂದೇ ಕಡೆ ನಿಲ್ಲಿಸಬಾರದು, ಮರ ಸುಟ್ಟು ಕಂದು ಕಲೆ ಬೀಳುತ್ತದೆ.

ಇಷ್ಟು ಖುಷಿಯ ಮೇಲೆ ಮಣ್ಣು ಹಾಕುವುದು ಟೇಬಲ್. ಕೋನ ತೋರಿಸುವ ಸ್ಕೇಲ್ 90 ಅನ್ನುತ್ತದೆ. 90 ಡಿಗ್ರಿ ಸರಿಯಿದೆಯೇ ಅಂತ ನೋಡುವ ಮೂಲೆಮಟ್ಟ ಇಟ್ಟು ನೋಡಿದರೆ ಕೆಳಗೆ ಬೆಳಕು ಕಾಣುತ್ತದೆ. ಸರಿ ಮಾಡಿ ತಿರುಪು ಬಿಗಿದರೂ ಮೋಟಾರಿನ ನಡುಕಕ್ಕೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಸಡಿಲ. ಅರ್ಧ ಡಿಗ್ರಿ ತಾನೇ ಅನ್ನಬೇಡಿ. ಟ್ರೇಯ ನಾಲ್ಕು ಮೂಲೆ ಸೇರಿಸುವಾಗ ತಪ್ಪು ಕೂಡುತ್ತಾ ಹೋಗಿ, ಕೊನೆಯ ಮೂಲೆ ಬಾಯಿ ಬಿಡುತ್ತದೆ. ಮಾರಿದವರಿಗೆ ಫೋನ್ ಮಾಡಿದೆ. "ಇನ್ನೂ ಗಟ್ಟಿಯಾಗಿ ಬಿಗಿಯಿರಿ" ಅಂದರು. ಬಿಗಿದೂ ಬಿಗಿದೂ ತಿರುಪಿನ ಹಿಡಿಯೇ ಬಿರುಕು ಬಿಟ್ಟಿತು. ಮೋಟಾರಿಗೆ ಅಷ್ಟು ಒಳ್ಳೆಯ ಕಬ್ಬಿಣ ಹಾಕಿದವರು ಟೇಬಲ್ ಹಿಡಿಗೆ ಪ್ಲಾಸ್ಟಿಕ್ ಹಾಕಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಕೊನೆಗೆ ಮತ್ತಿ ಮರದ ತುಂಡೊಂದನ್ನು ಅಳತೆಗೆ ಕೊಯ್ದು, ಟೇಬಲ್ ಅಡಿಗೂ ಕೆಲಸದ ಬೆಂಚಿಗೂ ನಡುವೆ ಆಸರೆಯಾಗಿ ನಿಲ್ಲಿಸಿದೆ. ಪ್ಲಾಸ್ಟಿಕ್ ಹಿಡಿ ತೆಗೆದು ಮಾಮೂಲಿ ಬೋಲ್ಟ್, ಸ್ಪ್ರಿಂಗ್ ವಾಷರ್ ಹಾಕಿದೆ. ಅಂದಿನಿಂದ ಕೋನ ಕದಲಿಲ್ಲ. ಈಗ ಓರೆ ಕೆಲಸಕ್ಕೆ ಟೇಬಲ್ ಬಗ್ಗಿಸಲು ಆಗುವುದಿಲ್ಲ, ನನಗೆ ಅದು ಬೇಕಾಗುವುದೂ ಅಪರೂಪ.

ಪೇಪರ್ ಖರ್ಚು ಮರವನ್ನು ನೋಡಿಕೊಂಡು. ಹಲಸಿಗೆ 80ನೇ ನಂಬರಿನ ಒರಟು ಪೇಪರ್, ಆಮೇಲೆ ಅದಕ್ಕಿಂತ ನಯವಾದ 120 ಸಾಕು. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಪೇಪರ್ ಬೇಗ ಕಟ್ಟಿಕೊಳ್ಳುತ್ತದೆ. ಕ್ರೇಪ್ ರಬ್ಬರ್ ತುಂಡನ್ನು ತಿರುಗುವ ಡಿಸ್ಕಿಗೆ ಒತ್ತಿದರೆ ಅಂಟಿದ ಪುಡಿಯೆಲ್ಲ ಕಿತ್ತು ಬರುತ್ತದೆ, ಪೇಪರ್ ಇನ್ನಷ್ಟು ದಿನ ಬಾಳುತ್ತದೆ. ಹಳೆ ಪೇಪರ್ ಕೀಳುವಾಗ ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಅಂಟು ಸಲೀಸಾಗಿ ಬಿಡುತ್ತದೆ. ಧೂಳಿನ ಪೈಪಿಗೆ ವ್ಯಾಕ್ಯೂಮ್ ಜೋಡಿಸಿ, ಮಾಸ್ಕೂ ಹಾಕಿಕೊಳ್ಳಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ.

ಉದ್ದ ಹಲಗೆಯ ಪಕ್ಕದ ಅಂಚಿಗೆ ಮಾತ್ರ ಇದನ್ನು ನಂಬಬೇಡಿ. ಕೆಲಸಕ್ಕೆ ಸಿಗುವುದು ಅರ್ಧ ಡಿಸ್ಕ್, ಐದು ಇಂಚಿಗೂ ಕಡಿಮೆ. ಅದಕ್ಕಿಂತ ಉದ್ದ ಇದ್ದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ನಿಮ್ಮದು ಹೆಚ್ಚಾಗಿ ಅಂಥ ಕೆಲಸವಾದರೆ ಈ ದುಡ್ಡಿಗೆ ಒಳ್ಳೆಯ ಹತ್ತರಿ ಕೊಳ್ಳಿ. ಸ್ಯಾಂಡರೇ ಬೇಕು ಅಂದರೆ ಅಂಗಡಿಯಲ್ಲಿ ಮೋಟಾರಿನ ಶಕ್ತಿ ಕೇಳುವ ಮೊದಲು ಟೇಬಲನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ.