ಎಸ್‌ಎಂಪಿಎಸ್ ಬದಲಿಸುತ್ತಿದ್ದೀರಾ? ಹಳೆಯ ಕೇಬಲ್ ಒಂದನ್ನೂ ಕಂಪ್ಯೂಟರಿನಲ್ಲಿ ಉಳಿಸಬೇಡಿ

ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಆನ್ ಆಗಲಿಲ್ಲ. ಬಟನ್ ಒತ್ತಿದರೆ ಫ್ಯಾನ್ ತಿರುಗದು, ದೀಪ ಹತ್ತದು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಘಟಕ) ಹೋಗಿದೆ ಅಂದರು, ಅದು ನಿಜವೂ ಆಗಿತ್ತು. ಹೊಸದು ತಂದರು. ಹಳೆಯದೂ ಮಾಡ್ಯುಲರ್, ಹೊಸದೂ ಮಾಡ್ಯುಲರ್, ಅಂದರೆ ಎಸ್‌ಎಂಪಿಎಸ್ ತುದಿಯಲ್ಲೂ ಕೇಬಲ್ ಬಿಚ್ಚಿ ಬರುವಂಥದ್ದು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಓರಣವಾಗಿ ಕಟ್ಟಿದ್ದ, ಡ್ರೈವ್‌ಗಳಿಗೆ (ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್) ವಿದ್ಯುತ್ ಒಯ್ಯುವ ಸಾಟಾ ಪವರ್ ಕೇಬಲ್ಲನ್ನು ಯಾಕೆ ಬಿಚ್ಚಬೇಕು ಎಂದು ಅದನ್ನೇ ಹೊಸದಕ್ಕೆ ಸಿಕ್ಕಿಸಿದರು. ಸರಿಯಾಗಿಯೇ ಕೂತಿತು, ಕ್ಲಿಪ್ ಕೂಡ ಬಿತ್ತು. ಬಟನ್ ಒತ್ತಿದ ಕ್ಷಣಕ್ಕೆ ಸುಟ್ಟ ವಾಸನೆ. ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್ ಹೋದವು. ಬ್ಯಾಕಪ್ ಇದ್ದದ್ದು ಆ ಎರಡನೇ ಹಾರ್ಡ್ ಡಿಸ್ಕಿನಲ್ಲೇ.

ಕೇಬಲ್ಲಿನ ಡ್ರೈವ್ ತುದಿಗೆ ಒಂದು ಮಾನದಂಡ ಇದೆ. ಎಸ್‌ಎಂಪಿಎಸ್ ತುದಿಗೆ ಯಾವ ಮಾನದಂಡವೂ ಇಲ್ಲ. ಯಾವ ಪಿನ್ನಿನಲ್ಲಿ 12 ವೋಲ್ಟ್, ಯಾವುದರಲ್ಲಿ 5, ಯಾವುದು ಗ್ರೌಂಡ್ ಎಂಬುದು ಆಯಾ ತಯಾರಕರ ಇಷ್ಟ. ಒಂದೇ ಬ್ರ್ಯಾಂಡಿನ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಆದರೆ ಸಾಕೆಟ್ಟಿನ ಆಕಾರ ಎಷ್ಟೋ ಸಲ ಒಂದೇ. ಆದ್ದರಿಂದ ಕೂತಿತೆಂದರೆ ಸರಿ ಇದೆ ಎಂಬ ನಂಬಿಕೆಯೇ ಇಲ್ಲಿ ಅಪಾಯ. ಸಾಟಾ ಎಸ್‌ಎಸ್‌ಡಿ ನಡೆಯುವುದು 5 ವೋಲ್ಟಿನಲ್ಲಿ. ಆ ಸಾಲಿನ ಮಿತಿ 4.75ರಿಂದ 5.25. ಅಲ್ಲಿಗೆ 12 ನುಗ್ಗಿದರೆ ಚಿಪ್ ಉಳಿಯುವುದಿಲ್ಲ. 24 ಪಿನ್ನಿನ ಕೇಬಲ್ಲನ್ನೇ ಹಳೆಯದು ಹಾಕಿದ್ದರೆ ಮದರ್‌ಬೋರ್ಡಿಗೂ ಇದೇ ಗತಿ ಬರಬಹುದಿತ್ತು.

ದಾರಿ ತಪ್ಪಿಸುವ ಇನ್ನೊಂದು ಸಂಗತಿ ಇದೆ. ಎಷ್ಟೋ ಹಾರ್ಡ್ ಡಿಸ್ಕ್‌ಗಳ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಇರುತ್ತದೆ. ವೋಲ್ಟೇಜ್ ಮಿತಿಮೀರಿದಾಗ ಅದು ತಾನೇ ಶಾರ್ಟ್ ಆಗಿ ಉಳಿದ ಭಾಗವನ್ನು ಕಾಯುತ್ತದೆ. ಆಮೇಲೆ ಆ ಡ್ರೈವ್ ಜೋಡಿಸಿರುವಷ್ಟು ಹೊತ್ತು ಎಸ್‌ಎಂಪಿಎಸ್ ಶಾರ್ಟ್ ಗುರುತಿಸಿ ಆಫ್ ಆಗುತ್ತಲೇ ಇರುತ್ತದೆ: ಫ್ಯಾನ್ ಅರೆಸುತ್ತು ತಿರುಗಿ ನಿಲ್ಲುತ್ತದೆ. ಇದನ್ನು ಕಂಡು ಮದರ್‌ಬೋರ್ಡೂ ಹೋಯಿತು ಎಂದು ಅದನ್ನೂ ಬದಲಿಸಲು ಹೊರಡುತ್ತಾರೆ. ಮೊದಲು ಎಲ್ಲ ಡ್ರೈವ್‌ಗಳ ಪವರ್ ಕಳಚಿ ಆನ್ ಮಾಡಿ ನೋಡಿ. ಹೊತ್ತಿಕೊಂಡರೆ ಬೋರ್ಡ್ ಬದುಕಿದೆ. ಶಾರ್ಟ್ ಆದ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಬೇಡಿ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಕೂರಿಸುವುದೂ ಸಾಮಾನ್ಯವಾಗಿ ಫಲಿಸದು, ಆ ಡಿಸ್ಕಿನದ್ದೇ ಮಾಹಿತಿ ಇರುವ ರೋಮ್ (ROM) ಚಿಪ್ಪನ್ನೂ ವರ್ಗಾಯಿಸಬೇಕಾಗುತ್ತದೆ. ಒಳಗಿನ ಕೆಲಸ ಬೇಕಾದದ್ದಾದರೆ ಡೇಟಾ ರಿಕವರಿ ಬಲ್ಲವರಿಗೇ ಕೊಡಿ. ಡಯೋಡ್ ಮಾತ್ರ ಹೋಗಿದ್ದರೆ ಕೆಲವೊಮ್ಮೆ ಎಲ್ಲವೂ ಮರಳಿ ಸಿಗುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಸುಟ್ಟಿದ್ದರೆ ಕಷ್ಟ.

ಎಸ್‌ಎಂಪಿಎಸ್ ಸತ್ತಿದೆಯೇ ಎಂದು ತಿಳಿಯಲು ಹೊಸದನ್ನು ಸಿಕ್ಕಿಸಿ ನೋಡಬೇಕಿಲ್ಲ, ಒಂದು ಮಲ್ಟಿಮೀಟರ್ ಸಾಕು. ಗೋಡೆಯ ಸಾಕೆಟ್, ಪವರ್ ಕಾರ್ಡ್, ಹಿಂದಿನ ಸ್ವಿಚ್ ಸರಿ ಇವೆ ಎಂದಾದ ಮೇಲೆ ಮದರ್‌ಬೋರ್ಡಿಗೆ ಕೂತಿರುವ 24 ಪಿನ್ನಿನ ಕನೆಕ್ಟರಿಗೆ ಹಿಂದಿನಿಂದ ಪ್ರೋಬ್ ತೂರಿಸಿ ಅಳೆಯಿರಿ. 9ನೇ ಪಿನ್, ಅಂದರೆ ನೇರಳೆ ತಂತಿ, ಆಫ್ ಇದ್ದಾಗಲೂ 5 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಕನೆಕ್ಟರ್ ಕಳಚಿ ಅಳೆದಾಗಲೂ ಇಲ್ಲವಾದರೆ ಅನುಮಾನ ಉಳಿಯುವುದಿಲ್ಲ. ಕೂತಿರುವಾಗಲೇ 5 ವೋಲ್ಟ್ ಇದ್ದರೆ 16ನೇ ಪಿನ್ನಿನ ಹಸಿರು ತಂತಿ ನೋಡಿ: ಬಟನ್ ಒತ್ತಿದಾಗ ಅದು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ಬಟನ್ ಅಥವಾ ಬೋರ್ಡಿನ ತೊಂದರೆ. ಇಳಿದೂ 12 ವೋಲ್ಟ್ ಬರದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ, ಇಲ್ಲವೇ ಎಲ್ಲೋ ಶಾರ್ಟ್ ಇದೆ. ಮಾಡ್ಯುಲರ್ ಕೇಬಲ್‌ಗಳು ಬಹುತೇಕ ಪೂರ್ತಿ ಕಪ್ಪು, ಬಣ್ಣ ಸಿಗದಿದ್ದರೆ ಪಿನ್ ನಕ್ಷೆ ಇಟ್ಟುಕೊಂಡು ಎಣಿಸಿ. ಹಸಿರು, ಕಪ್ಪು ಸೇರಿಸಿ ಫ್ಯಾನ್ ತಿರುಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಲೋಡ್ ಕಡಿಮೆ ಇದ್ದಾಗ ಫ್ಯಾನನ್ನೇ ನಿಲ್ಲಿಸುವ ಮಾಡೆಲ್‌ಗಳಿವೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಚಾರ್ಜ್ ಉಳಿದಿರಬಹುದು.

ಹೊಸದನ್ನು ಕೂರಿಸಿದ ಮೇಲೆ ಡ್ರೈವ್‌ಗಳನ್ನು ಜೋಡಿಸುವ ಮುಂಚೆ ಎರಡು ನಿಮಿಷ ಕೊಡಿ. ಆನ್ ಮಾಡಿ, ಖಾಲಿ ಸಾಟಾ ಪವರ್ ಕನೆಕ್ಟರನ್ನು ತೆಳು ಪ್ರೋಬಿನಿಂದ ಅಳೆಯಿರಿ. 15 ಪಿನ್‌ಗಳಲ್ಲಿ ನಟ್ಟನಡುವಿನ ಮೂರು 5 ವೋಲ್ಟ್. ಅದರ ಎರಡೂ ಬದಿಯ ಮೂರು ಮೂರು ಗ್ರೌಂಡ್. ಒಂದು ಕೊನೆಯ ಮೂರು 12 ವೋಲ್ಟ್, ಇನ್ನೊಂದು ಕೊನೆಯ ಮೂರು 3.3, ಇದು ಕೆಲವು ಕೇಬಲ್‌ಗಳಲ್ಲಿ ಇರುವುದಿಲ್ಲ. ಯಾವ ಕಡೆಯಿಂದ ಎಣಿಸಿದರೂ ನಡು ಬದಲಾಗದು. ನಡುವೆ 12 ಕಂಡರೆ ತಕ್ಷಣ ಆಫ್ ಮಾಡಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಬೇರೆಲ್ಲೇ ಆಗಲಿ ಸೆಕೆಂಡ್ ಹ್ಯಾಂಡ್ ಮಾಡ್ಯುಲರ್ ಎಸ್‌ಎಂಪಿಎಸ್ ಕೊಳ್ಳುವಾಗ ಅದರದ್ದೇ ಕೇಬಲ್ ಇಲ್ಲವೆಂದರೆ ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆ ಇರಲಿ. ಹಳೆಯದನ್ನು ತೆಗೆದ ದಿನವೇ ಅದರ ಕೇಬಲ್‌ಗಳನ್ನೆಲ್ಲ ಕಳಚಿ, ಕಟ್ಟು ಹಾಕಿ, ಮಾಡೆಲ್ ಹೆಸರು ಬರೆದ ಚೀಟಿ ಅಂಟಿಸಿ ಅದು ಬಂದಿದ್ದ ರಟ್ಟಿನ ಪೆಟ್ಟಿಗೆಗೇ ಹಾಕಿಡಿ. ಡ್ರಾಯರಿನಲ್ಲಿ ಬಿಡಿಯಾಗಿ ಬಿದ್ದಿರುವ ಕೇಬಲ್ ಯಾವ ಎಸ್‌ಎಂಪಿಎಸ್‌ದೆಂದು ಮುಂದಿನ ವರ್ಷ ಯಾರಿಗೂ ನೆನಪಿರುವುದಿಲ್ಲ.