‘ನಿಜಾಮರ ಕಾಲದ ಮಿಲಿಟರಿ ಬ್ಯಾಡ್ಜ್’ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ

ಕಲಬುರಗಿಯಲ್ಲಿ ಹಳೇ ನಾಣ್ಯ, ಪದಕ ಕೂಡಿಡುವವರು ದಯವಿಟ್ಟು ಪೂರ್ತಿ ಓದಿ. ನನ್ನ 3,500 ರೂಪಾಯಿ ಹೋಯ್ತು. ಮಕ್ಕಳ ಮುಂದೆ ಮರ್ಯಾದೆಯೂ ಹೋಯ್ತು.

ನಾನು ಮಾಸ್ತರು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಶಾಲೆಯಲ್ಲಿ ಹಳೇ ಸಾಮಾನುಗಳನ್ನು ಜೋಡಿಸಿ ಇಡೋಣ ಅಂದುಕೊಂಡಿದ್ದೆವು. ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯ ಅಂಗಡಿಯಲ್ಲಿ ಹಿತ್ತಾಳೆಯ ಟೋಪಿ ಬ್ಯಾಡ್ಜ್ ಕಂಡಿತು. ಕೆಳಗಿನ ಪಟ್ಟಿಯಲ್ಲಿ ‘19 ಹೈದರಾಬಾದ್ ರೆಜಿಮೆಂಟ್’, ಮೇಲೆ ಸಿಂಹ. ನಮ್ಮ ಸೇನೆಯ ಇವತ್ತಿನ ಕುಮಾವೂನ್ ರೆಜಿಮೆಂಟಿನ ಸಿಂಹದ ಬೇರು ಹೈದರಾಬಾದಿನಲ್ಲಿದೆ ಅಂತ ಓದಿದ್ದೆ, ಸಿಂಹ ಕಂಡ ಕೂಡಲೇ ಮರುಳಾದೆ. “ನಿಜಾಮರ ಫೌಜಿಂದು ಸರ, ಹೈದರಾಬಾದಿನಿಂದ ಬಂದದ” ಅಂದ ಅಂಗಡಿಯವ. 5,000 ಹೇಳಿ 3,500ಕ್ಕೆ ಇಳಿಸಿದ. ಫೋನ್‌ಪೇ ಮಾಡಿ ಖುಷಿಯಿಂದ ಮನೆಗೆ ಬಂದೆ.

ಪ್ರದರ್ಶನಕ್ಕೆ ಒಬ್ಬ ಮಾಜಿ ಸುಬೇದಾರರು ಬಂದಿದ್ದರು. ಅಂಗೈಯಲ್ಲಿ ಇಟ್ಟುಕೊಂಡು, ಚಸ್ಮಾ ಹಾಕಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು. “ಮಾಸ್ತರ್, ಇದು ಅಶೋಕ ಸ್ತಂಭದ ಸಿಂಹ ಅಲ್ಲೇನ್ರಿ?” ಸುತ್ತ ಎಂಟನೇ ಕ್ಲಾಸಿನ ಮಕ್ಕಳು. ಬಗ್ಗಿ ನೋಡಿದೆ. ಮೂರು ಮುಖ! ಇಷ್ಟು ದಿನ ನನ್ನ ಕಣ್ಣಿಗೆ ಏನಾಗಿತ್ತೋ.

ಅಶೋಕ ಸಿಂಹ ನಮ್ಮ ರಾಷ್ಟ್ರ ಲಾಂಛನವಾದದ್ದು 1950ರ ಜನವರಿ 26ಕ್ಕೆ. 19ನೇ ಹೈದರಾಬಾದ್ ರೆಜಿಮೆಂಟ್ 1945ರಲ್ಲೇ ಕುಮಾವೂನ್ ರೆಜಿಮೆಂಟ್ ಆಗಿತ್ತು. ಆ ಹೆಸರು, ಈ ಸಿಂಹ ಒಂದೇ ಬ್ಯಾಡ್ಜ್ ಮೇಲೆ ಹೇಗೆ ಬಂದವು? ಕುಮಾವೂನಿನ ಸಿಂಹ ಬೇರೆಯೇ. ಒಂದೇ ಸಿಂಹ, ಅದೂ ಅರ್ಧ ಮೈಯದ್ದು, ಪಂಜದಲ್ಲಿ ಶಿಲುಬೆ ಹಿಡಿದಿರುತ್ತದೆ. ಹೈದರಾಬಾದಿನಲ್ಲಿ ಬ್ರಿಟಿಷ್ ರೆಸಿಡೆಂಟ್, ಅಂದ್ರೆ ಬ್ರಿಟಿಷರ ಪ್ರತಿನಿಧಿ ಆಗಿದ್ದ ಹೆನ್ರಿ ರಸೆಲ್ ಕಟ್ಟಿದ ಪಡೆಯೇ ಅದರ ಮೂಲ, ಸಿಂಹ ರಸೆಲ್ ಮನೆತನದ ಗುರುತು. ಮತ್ತೆ 19ನೇ ರೆಜಿಮೆಂಟ್ ಬ್ರಿಟಿಷ್ ಇಂಡಿಯಾದ ಸೈನ್ಯದ್ದು, ನಿಜಾಮರ ಸ್ವಂತ ಫೌಜೇ ಅಲ್ಲ. ಅಂದ್ರೆ ಅವನು ಹೇಳಿದ್ದು ಎಲ್ಲಾ ಸುಳ್ಳು, ಎಲ್ಲಾ.

ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಹಸಿರು ಕಿಲುಬು ಬಟ್ಟೆಗೇ ಬಂತು, ಬಣ್ಣ ಅದು. ಕೆಳಗೆ ಹೊಳೆಯುವ ಹೊಸ ಹಿತ್ತಾಳೆ. ಸಿಂಹಗಳ ಕಣ್ಣು, ಮೂಗು ಎಲ್ಲಾ ಮೇಣ ಕರಗಿದ ಹಾಗೆ ಮೊಂಡು, ಮೈತುಂಬ ಸಣ್ಣ ಸಣ್ಣ ತೂತು. ಅಚ್ಚೊತ್ತಿ ಮಾಡಿದ್ದಲ್ಲ, ಎರಕ ಹೊಯ್ದದ್ದು.

ಮರುದಿನ ಹೋಗಿ ಕೇಳಿದೆ. “ಓರಿಜಿನಲ್ ಅಂತ ಎಲ್ಲಿ ಬರೆದು ಕೊಟ್ಟೀನ್ರಿ?” ಅಂದ. ನಿಜ, ಬಿಲ್ಲೇ ಕೇಳಿರಲಿಲ್ಲ. ಸಿಂಹ ತೋರಿಸಿದರೆ, “ನಿಮಗ ಸಿಂಹ ಬೇಕಿತ್ತು, ಒಂದಕ್ಕ ಮೂರು ಕೊಟ್ಟೀನಲ್ರೀ” ಅಂತ ನಕ್ಕ. ಆ ನಗು ಇನ್ನೂ ಕಣ್ಣ ಮುಂದೆ ಇದೆ. ಈಗ ಫೋನೂ ಎತ್ತುತ್ತಿಲ್ಲ.

ತಗೊಳ್ಳಲೇಬೇಕು ಅಂದ್ರೆ ಹೆಸರು ಓದಿ ಮರುಳಾಗಬೇಡಿ, ಗುರುತು ನೋಡಿ, ಅದು ಯಾವ ವರ್ಷದ್ದು ಅಂತ ತಾಳೆ ಹಾಕಿ. ಅಂಗಡಿಯಲ್ಲೇ ಒದ್ದೆ ಬಟ್ಟೆಯಿಂದ ಉಜ್ಜಿ. ‘ಅಸಲಿ’ ಅಂತ ಬರೆಸಿ ಬಿಲ್ ತಗೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ.

ನಾನು ಕೊಂಡ ದಿನ ಅವನ ಗಾಜಿನ ಪೆಟ್ಟಿಗೆಯಲ್ಲಿ ಅಂಥವೇ ಇನ್ನೂ ನಾಲ್ಕು ಇದ್ದವು. ನಿನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಎರಡೇ ಉಳಿದಿವೆ.